ನುಡಿಯ ತಕ್ಕಡಿ

ತೂಗುವವನು ಮೊದಲು ತಕ್ಕಡಿಯ ಮುಳ್ಳನ್ನು ನೋಡಬೇಕು. ಮುಳ್ಳು ತನ್ನ ಕಡೆಗೆ ವಾಲಿದ್ದರೆ ತೂಕದ ಕಲ್ಲು ಸರಿಯಾಗಿದ್ದು ಫಲವೇನು? ಬಸವಣ್ಣನವರು ಲೋಕವನ್ನು ತಿದ್ದಹೊರಟವನ ದೃಷ್ಟಿಯನ್ನು ಅವನ ತನುಮನಗಳ ಕಡೆಗೇ ತಿರುಗಿಸಿದುದು ಇದಕ್ಕಾಗಿಯೇ. ಸುದ್ದಿಯನ್ನು ಅರುಹುವುದೂ ಒಂದು ಕಾಯಕ. ಸತ್ಯವೇ ಅದರ ಶುದ್ಧಿ, ಪಕ್ಷಪಾತವೇ ಅದರ ಕಲಂಕ.

ಇಂಗ್ಲೆಂಡಿನಲ್ಲಿ ನಡೆದ ಸಂಗತಿಯೊಂದು ಇದಕ್ಕೆ ನಿದರ್ಶನ. ಜಿಮ್ಮಿ ಸ್ಯಾವಿಲ್ ಎಂಬಾತನು ಬಿ.ಬಿ.ಸಿ. ಸಂಸ್ಥೆಯ ಪ್ರಸಿದ್ಧ ದೂರದರ್ಶನ ನಿರೂಪಕನು. ಮಕ್ಕಳ ಆಸೆಗಳನ್ನು ಈಡೇರಿಸುವ ಕಾರ್ಯಕ್ರಮದಿಂದ ಮನೆಮನೆಗೂ ಪ್ರಿಯನಾಗಿದ್ದವನು. ಧರ್ಮಕಾರ್ಯಗಳಿಗೆ ಹಣ ಕೂಡಿಸಿ ಉದಾರಿಯೆನಿಸಿಕೊಂಡವನು. 2011ರ ಅಕ್ಟೋಬರಿನಲ್ಲಿ ಆತನು ತೀರಿಕೊಂಡನು. ಆತನು ಹುಡುಗಿಯರ ಮೇಲೆ ಎಸಗಿದ್ದ ದೌರ್ಜನ್ಯವನ್ನು ಅದೇ ಸಂಸ್ಥೆಯ ‘ನ್ಯೂಸ್‌ನೈಟ್’ ಕಾರ್ಯಕ್ರಮದ ವರದಿಗಾರರು ನೊಂದವರ ಬಾಯಿಂದಲೇ ಕೇಳಿ ಸಂಗ್ರಹಿಸಿದರು. ಡಿಸೆಂಬರಿನಲ್ಲಿ ಆ ವರದಿಯನ್ನು ಕೈಬಿಡಲಾಯಿತು; ಕ್ರಿಸ್‌ಮಸ್ ಕಾಲದಲ್ಲಿ ಆತನ ಗುಣಗಾನವು ಪ್ರಸಾರವಾಯಿತು. 2012ರ ಅಕ್ಟೋಬರ್ 3ರಂದು ಐ.ಟಿ.ವಿ. ಎಂಬ ಬೇರೊಂದು ವಾಹಿನಿಯು ಸತ್ಯವನ್ನು ಹೊರಗೆಡಹಿತು. ಬಿ.ಬಿ.ಸಿ.ಯ ಕೆಲಸದ ಸಂಬಂಧದಲ್ಲಿಯೇ 72 ಮಂದಿ ಆತನ ದೌರ್ಜನ್ಯಕ್ಕೆ ಗುರಿಯಾಗಿದ್ದರೆಂದು 2016ರ ವಿಚಾರಣಾ ವರದಿ ತಿಳಿಸಿತು. ಬಿ.ಬಿ.ಸಿ.ಯನ್ನು ಗದರಿದ ಪತ್ರಿಕೆಗಳಲ್ಲಿಯೂ ಆತನು ತೀರಿಕೊಂಡಾಗ ಹೊಗಳಿಕೆಯೇ ತುಂಬಿತ್ತು.

ಮುಂದಿನ ಸಂಗತಿ ಇನ್ನೂ ವಿಚಾರಾರ್ಹವಾದುದು. ತನ್ನವನ ವಿಷಯದಲ್ಲಿ ಮೌನವಹಿಸಿದ ಆ ಕಾರ್ಯಕ್ರಮವೇ 2012ರ ನವೆಂಬರ್ 2ರಂದು ಹಿರಿಯ ರಾಜಕಾರಣಿಯೊಬ್ಬನು ಬಾಲಕರನ್ನು ಕೆಡಿಸಿದನೆಂಬ ಆರೋಪವನ್ನು ಬಿತ್ತರಿಸಿತು. ಹೆಸರು ಹೇಳಲಿಲ್ಲ; ಆದರೆ ಜನರ ಬೆರಳು ಲಾರ್ಡ್ ಮ್ಯಾಕಾಲ್ಪೈನ್ ಎಂಬುವರ ಕಡೆಗೆ ತಿರುಗಿತು. ಅವರನ್ನು ಮುಂಚಿತವಾಗಿ ಒಂದು ಮಾತು ಕೇಳಿರಲಿಲ್ಲ. ಅವರ ಭಾವಚಿತ್ರವನ್ನು ಆರೋಪಿಸಿದವನಿಗೆ ತೋರಿಸಿಯೂ ಇರಲಿಲ್ಲ. ವಾರ ಕಳೆಯುವಷ್ಟರಲ್ಲಿ ಆತನೇ ‘ಅವರಲ್ಲ’ ಎಂದನು. ಸಂಸ್ಥೆಯು ಕ್ಷಮೆ ಕೇಳಿ 1,85,000 ಪೌಂಡುಗಳನ್ನು ತೆತ್ತಿತು; ಅದರ ಮಹಾನಿರ್ದೇಶಕರು ಪದವಿಯನ್ನು ತ್ಯಜಿಸಿದರು.

ಮೊದಲನೆಯ ವರದಿಯನ್ನು ಕೈಬಿಟ್ಟುದರಲ್ಲಿ ದುರುದ್ದೇಶವಿರಲಿಲ್ಲ, ಆದರೆ ಆ ನಿರ್ಧಾರ ತಪ್ಪಾಗಿತ್ತು ಎಂದು ಅದೇ ವರ್ಷದ ವಿಚಾರಣೆಯು ನಿರ್ಣಯಿಸಿತು. ಇದನ್ನು ಮರೆಮಾಚುವುದೂ ಪಕ್ಷಪಾತವೇ ಆದೀತು. ಸದ್ಭಕ್ತರು ಮನಗಾಣಬೇಕಾದುದು ಇದನ್ನೇ: ದುರುದ್ದೇಶವಿಲ್ಲದೆಯೂ ಮುಳ್ಳು ವಾಲುತ್ತದೆ. ತನ್ನವರೆಂಬ ಮಮಕಾರವು ಒಮ್ಮೆ ಬಾಯನ್ನು ಕಟ್ಟುತ್ತದೆ. ಆ ಕಳಂಕವನ್ನು ತೊಳೆಯುವ ಆತುರವು ಇನ್ನೊಮ್ಮೆ ನಿರಪರಾಧಿಯ ಮೇಲೆ ನಾಲಗೆಯನ್ನು ಹರಿಯಬಿಡುತ್ತದೆ.

ಗೃಹಸ್ಥನ ಮನೆಯ ಜಗುಲಿಯೂ ಸುದ್ದಿಯ ಪೀಠವೇ. ನೆರೆಮನೆಯ ಮಗನ ವಿಷಯ ಅಲ್ಲಿ ವಿಚಾರವಿಲ್ಲದೆ ಊರೆಲ್ಲ ಹರಡುತ್ತದೆ. ಆದರೆ ಮನೆಯ ಮಗುವೇ ಮಾನ್ಯನೊಬ್ಬನ ಹೆಸರೆತ್ತಿ ಅಂಜುತ್ತ ಒಂದು ಮಾತನ್ನಾಡಿದರೆ, ಮಾನದ ಭಯದಿಂದ ಆ ಬಾಯನ್ನು ಮುಚ್ಚಿಸಲಾಗುತ್ತದೆ. ಅಂಗದ ಮೇಲೆ ಲಿಂಗವನ್ನು ಧರಿಸಿದವನು ಈ ಎರಡೂ ದೋಷಗಳಿಗೆ ಅಂಜಬೇಕು. ಪರರ ದೋಷವನ್ನು ನುಡಿಯುವ ಮುನ್ನ ವಿಚಾರಿಸಲಿ. ತನ್ನ ಮನೆಯಲ್ಲಿ ನೊಂದವರು ನುಡಿದಾಗ ಕುಳಿತು ಕೇಳಲಿ. ಮುಚ್ಚಿಟ್ಟು ಉಳಿಸಿದ ಮಾನವು ಮಾನವಲ್ಲ. ಕೂಡಲಸಂಗಮನಾಥನ ಮುಂದೆ ಮುಚ್ಚಿದುದೆಂಬುದೇ ಇಲ್ಲ.