ಮುಂದಿನ ಪುಸ್ತಕ

ಅಕ್ಕನ ಮಗಳಿಗೆ 13 ವರ್ಷ. ಫಿಲಿಪ್ ಪುಲ್‌ಮನ್‌ನ ‘ನಾರ್ದರ್ನ್ ಲೈಟ್ಸ್’ (1995), ‘ದಿ ಸಟಲ್ ನೈಫ್’ (1997) ಎರಡನ್ನೂ ರಜೆಯ ಹತ್ತು ದಿನಗಳಲ್ಲಿ ಓದಿ ಮುಗಿಸಿ, “ಮಾಮ, ಮುಂದಿನದು ಕಳಿಸು” ಎಂದು ಫೋನ್ ಮಾಡಿದಳು. ಮೂರನೆಯದು ನನ್ನ ಹಾಸ್ಟೆಲ್ ಕೋಣೆಯ ಮೇಜಿನ ಮೇಲೇ ಇತ್ತು. “ಲೈಬ್ರರಿಯಿಂದ ಯಾರೋ ತಗೊಂಡು ಹೋಗಿದಾರೆ ಪುಟ್ಟಿ, ವಾಪಸ್ ಬರಲಿ” ಎಂದೆ.

ಸುಳ್ಳು. ಅದರ ಬದಲಿಗೆ ಕೊಡಬಹುದಾದ ಇನ್ನೊಂದನ್ನು ಹುಡುಕುತ್ತ, ಪಿಎಚ್.ಡಿ. ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಪಕ್ಕಕ್ಕಿಟ್ಟು, ಒಂದು ತಿಂಗಳು ಹರೆಯದವರಿಗೆಂದು ಬರೆದ ಫ್ಯಾಂಟಸಿ ಕಾದಂಬರಿಗಳನ್ನೇ ಓದಿದೆ. (ಮಾರ್ಗದರ್ಶಕರು ವಿಚಾರಿಸಿದಾಗ “ಓದ್ತಾ ಇದೀನಿ ಸರ್” ಎಂದದ್ದು ಮಾತ್ರ ನಿಜ.)

ಮುಚ್ಚಿಟ್ಟ ಪುಸ್ತಕ ‘ದಿ ಆಂಬರ್ ಸ್ಪೈಗ್ಲಾಸ್’ (2000). ಅದರಲ್ಲಿ ಲೈರಾ ಎಂಬ ಹುಡುಗಿ ಸತ್ತವರ ಲೋಕಕ್ಕೆ ಹೋಗುತ್ತಾಳೆ. ತನ್ನಿಂದಾಗಿ ಸತ್ತ ಗೆಳೆಯ ರೋಜರ್‌ನ ಕ್ಷಮೆ ಕೇಳಬೇಕು ಅವಳಿಗೆ. ಅಲ್ಲಿ ಹಾರ್ಪಿಗಳ ಕಾವಲು: ಹೆಣ್ಣಿನ ಮುಖ, ಹಕ್ಕಿಯ ಮೈ. ಲೈರಾ ಎಂದಿನಂತೆ ಕಟ್ಟುಕಥೆ ಹೇಳಹೊರಟಾಗ ಸುಳ್ಳಿ ಎಂದು ಚೀರುತ್ತ ಮೇಲೆರಗುತ್ತವೆ. ಆಕ್ಸ್‌ಫರ್ಡಿನ ಜೇಡಿಮಣ್ಣಿನ ಹೊಂಡಗಳಲ್ಲಿ ತಾನೂ ಗೆಳೆಯರೂ ಕೆಸರೆರಚಿ ಕಾದಾಡಿದ್ದನ್ನು ಅವಳು ಇದ್ದಹಾಗೆ ಹೇಳಿದಾಗ, ಅವೇ ಹಾರ್ಪಿಗಳು ಸುಮ್ಮನೆ ಕೂತು ಕೇಳುತ್ತವೆ. ಕೊನೆಗೆ ಸತ್ತವರು ಹೊರಗೆ ಬಂದು ಗಾಳಿಯಲ್ಲಿ ಕರಗಿಹೋಗುತ್ತಾರೆ. ಸ್ವರ್ಗವಿಲ್ಲ.

ಕಳೆದ ವರ್ಷ ಅಮ್ಮ ತೀರಿಕೊಂಡಾಗ ಪುಟ್ಟಿಗೆ ಪರೀಕ್ಷೆ ನಡೆಯುತ್ತಿತ್ತು. ಅವಳನ್ನು ಶಿವಮೊಗ್ಗದಲ್ಲಿ ಪಕ್ಕದ ಮನೆಯವರ ಬಳಿ ಬಿಟ್ಟು ಅಕ್ಕ, ಭಾವ ಊರಿಗೆ ಬಂದಿದ್ದರು. ಇನ್ನೆರಡು ಪೇಪರ್ ಬಾಕಿ. ಮುಗಿಯಲಿ, ಆಮೇಲೆ ಹೇಳೋಣ ಎಂದು ದೊಡ್ಡವರೆಲ್ಲ ತೀರ್ಮಾನಿಸಿದೆವು. ಆ ಸಂಜೆ ಅವಳು ನನಗೇ ಫೋನ್ ಮಾಡಿದಳು. “ಅಜ್ಜಿ ಊಟ ಮಾಡಿದ್ರಾ ಮಾಮ?” “ಹೂಂ, ಗಂಜಿ ಕುಡಿದು ಮಲಗಿದಾರೆ.” ಅಮ್ಮನ ಚಿತೆ ಆಗಿನ್ನೂ ಆರಿರಲಿಲ್ಲ. ಮೂರನೆಯ ದಿನ ವಿಷಯ ತಿಳಿದಾಗ ಅವಳು ನನ್ನನ್ನು ಒಮ್ಮೆ ನೋಡಿ ಒಳಗೆ ಹೋದಳು. ಆಮೇಲೆ ನಾವಿಬ್ಬರೂ ಆ ಮಾತು ಎತ್ತಿಲ್ಲ.

ಹಾಗಾಗಿ ಹುಡುಕಾಟ. ಡಯಾನಾ ವಿನ್ ಜೋನ್ಸ್ ಬರೆದ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ (1986) ನಗುತ್ತ ಓದಿದೆ. ಹಿರಿಮಗಳಾಗಿ ಹುಟ್ಟಿದ್ದರಿಂದ ಸೋಲೇ ತನ್ನ ಹಣೆಬರಹ ಎಂದುಕೊಂಡಿದ್ದ ಸೋಫಿಗೆ, ಶಾಪದಿಂದ ಮುದುಕಿಯಾದ ಮೇಲೆಯೇ ಬಾಯಿ ಬರುತ್ತದೆ! ಇದನ್ನೇ ಕಳಿಸೋಣ ಎಂದು ಎರಡು ದಿನ ನೆಮ್ಮದಿಯಾಗಿದ್ದೆ. ಅರ್ಸುಲಾ ಲೆ ಗ್ವಿನ್‌ಳ ‘ದಿ ಫಾರ್ದೆಸ್ಟ್ ಶೋರ್’ನಲ್ಲೂ (1972) ಸತ್ತವರ ನಾಡಿದೆ, ಪುಲ್‌ಮನ್‌ನದಕ್ಕಿಂತ ಒಣಗಿದ ನಾಡು. ಒಟ್ಟಿಗೆ ಸತ್ತ ತಾಯಿ ಅಲ್ಲಿ ತನ್ನ ಮಗುವನ್ನು ನೋಡುವುದೂ ಇಲ್ಲ. ಆ ಪುಟದಲ್ಲಿ ಪುಸ್ತಕ ಮುಚ್ಚಿ, ಕಾರಿಡಾರಿನಲ್ಲಿ ಸುಮಾರು ಹೊತ್ತು ಅಡ್ಡಾಡಿದೆ.

ಸಿ. ಎಸ್. ಲೂಯಿಸ್‌ನ ‘ದಿ ಲಾಸ್ಟ್ ಬ್ಯಾಟಲ್’ (1956) ಸಮಾಧಾನ ಕೊಡುತ್ತದೆ ಎಂದು ಕೈಗೆತ್ತಿಕೊಂಡೆ. ಕೊಡುತ್ತದೆ ಕೂಡ: ರೈಲು ಅಪಘಾತದಲ್ಲಿ ಸತ್ತ ಮಕ್ಕಳು ಅಳಿವಿಲ್ಲದ ನಾರ್ನಿಯಾದಲ್ಲಿ ಕಣ್ಣು ತೆರೆಯುತ್ತಾರೆ, ಅವರ ಅಪ್ಪ ಅಮ್ಮನೂ ಸಿಗುತ್ತಾರೆ. ಆದರೆ ಅಕ್ಕ ಸೂಸನ್ ಅಲ್ಲಿಲ್ಲ. ಅವಳಿಗೀಗ ಲಿಪ್‌ಸ್ಟಿಕ್ಕು, ಪಾರ್ಟಿಗಳಲ್ಲೇ ಆಸಕ್ತಿ ಎಂದು ಮಿಕ್ಕವರು ನಾಲ್ಕು ಮಾತಾಡಿ ಮುಂದೆ ಹೋಗುತ್ತಾರೆ. ಅಪ್ಪ, ಅಮ್ಮ, ಇಬ್ಬರು ತಮ್ಮ–ಅಣ್ಣ, ತಂಗಿ, ಎಲ್ಲರನ್ನೂ ಒಂದೇ ದಿನ ಕಳೆದುಕೊಂಡ ಹುಡುಗಿಗೆ ಆ ಸುದ್ದಿ ಯಾರು ಹೇಳಿದರು? ಹೇಗೆ ಹೇಳಿದರು? ಪುಸ್ತಕಕ್ಕೆ ಅದು ಬೇಕಿಲ್ಲ. ಸ್ವರ್ಗ ಅಷ್ಟು ಬೆಳಗುತ್ತಿರುವಾಗ ಅವಳು ನೆನಪಾಗುವುದೂ ಕಷ್ಟ. ನನಗೆ ಮಾತ್ರ ಅವಳೇ ಉಳಿದಳು. ಸಮಾಧಾನದ ಕಥೆಗಳಲ್ಲಿ ಹೀಗೆ ಒಬ್ಬರನ್ನು ಆಚೆ ನಿಲ್ಲಿಸಿರುತ್ತಾರೆ. ನಮ್ಮ ಮನೆಯ ಕಥೆಯಲ್ಲಿ ಆಚೆ ನಿಂತವಳು ಪುಟ್ಟಿ.

ಎಲ್ಲ ಸತ್ಯವನ್ನೂ ಎಲ್ಲ ವಯಸ್ಸಿನವರಿಗೂ ಹೇಳಬೇಕೆಂದು ನಾನು ವಾದಿಸುತ್ತಿಲ್ಲ. ಪರೀಕ್ಷೆ ಮುಗಿಯಲಿ ಎಂದ ಅಕ್ಕನ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ಎಳೆಯ ಮನಸ್ಸು ತಡೆಯುವುದಿಲ್ಲ ಎನ್ನುವ ನಾವೇ ತೊಟ್ಟಿಲ ಕೂಸಿಗೂ ಗೋವಿನ ಹಾಡು ಹಾಡುತ್ತೇವಲ್ಲ? ಮೇವಿಗೆ ಹೋಗಿ ಬರುತ್ತೇನೆ ಎಂದು ಪುಣ್ಯಕೋಟಿ ಕರುವಿಗೆ ಹೇಳಬಹುದಿತ್ತು. ಹುಲಿಯ ಬಾಯಿಗೆ ಹೋಗುತ್ತಿದ್ದೇನೆ ಎಂದೇ ಹೇಳುತ್ತಾಳೆ. ಅವಳು ಮಾತಿಗೆ ತಪ್ಪದೆ ಹುಲಿಯ ಬಳಿಗೆ ಮರಳಿದ್ದನ್ನು ನಾವು ಪಾಠಗಳಲ್ಲಿ ಹೊಗಳುತ್ತೇವೆ. ಕರುವಿಗೆ ನಿಜ ಹೇಳಿದ್ದರ ಬಗ್ಗೆ ಯಾವ ಮೇಷ್ಟರೂ ನನ್ನನ್ನು ಪ್ರಶ್ನೆ ಕೇಳಿದ ನೆನಪಿಲ್ಲ. ಅದೇ ಹೆಚ್ಚು ಕಷ್ಟದ್ದೇನೋ.

ಇನ್ನೂ ಒಂದು. ಸುದ್ದಿಯನ್ನು ಕೇಳುವವರು ಅರ್ಧಕ್ಕೆ ನಿಲ್ಲಿಸಲಾರರು. ಪುಸ್ತಕವನ್ನು ಮುಚ್ಚಿಡಬಹುದು, ಕಾರಿಡಾರಿನಲ್ಲಿ ಅಡ್ಡಾಡಿ ಬರಬಹುದು. ನಾನು ಬಳಸಿಕೊಂಡ ಆ ಸವಲತ್ತನ್ನೇ ಅವಳಿಗೆ ಕೊಡದೆ, ಅವಳನ್ನು ಕಾಪಾಡುತ್ತಿದ್ದೇನೆ ಎಂದು ಹೇಳಿಕೊಂಡಿದ್ದೆ. ಹಾರ್ಪಿಗಳ ಅಧ್ಯಾಯಕ್ಕೆ ಬಂದಾಗ ಅವಳಿಗೆ ಗಂಜಿ ನೆನಪಾದರೆ? ನನ್ನ ಹೆದರಿಕೆ ಇದ್ದದ್ದು ಇಷ್ಟೇ.

ಮೊನ್ನೆ ಭಾನುವಾರ ಮೂರನೆಯದನ್ನು ಪ್ಯಾಕ್ ಮಾಡಿ, ಪೋಸ್ಟ್ ಮಾಡುವ ಮೊದಲೇ ಫೋನ್ ಮಾಡಿದೆ. ಪುಸ್ತಕ ತಿಂಗಳಿಂದ ನನ್ನ ಹತ್ತಿರವೇ ಇತ್ತು ಎಂದೆ. ಆ ಸಂಜೆಯ ಗಂಜಿಯೂ ಸುಳ್ಳು ಎಂದೆ. ಅವಳು ಸುಮಾರು ಹೊತ್ತು ಮಾತಾಡಲಿಲ್ಲ. ಹಿಂದೆ ಟಿವಿ ಸದ್ದು ಕೇಳುತ್ತಿತ್ತು.

“ಗಂಜಿ ಮಾಡೇ ಇರ್ಲಿಲ್ವಾ?”

“ಮಾಡಿದ್ದೆ. ಬೆಳಿಗ್ಗೆ ನಾನೇ ಮಾಡಿದ್ದೆ. ಅಜ್ಜಿ ಎರಡು ಚಮಚ ಕುಡಿದು ಸಾಕು ಅಂದ್ರು.”

“ಆಮೇಲೆ?” ಎಂದಳು. ನಾನು ಕುರ್ಚಿ ಎಳೆದುಕೊಂಡು ಕೂತು, ಆ ಬೆಳಿಗ್ಗೆಯನ್ನು ಮೊದಲಿನಿಂದ ಹೇಳತೊಡಗಿದೆ.