ಎರಡನೇ ದಾರಿ ತೆರೆದಿದೆಯೇ?

ಬ್ಯಾಂಕು, ವಿಮೆ, ಕಾರ್ಖಾನೆಗಳ ಲೆಕ್ಕ ಹೊತ್ತ ಐಬಿಎಂ ಪವರ್ ಸರ್ವರ್ ಒಂದರೊಳಗೆ ಹತ್ತಾರು ಪಾರ್ಟಿಷನ್‌ಗಳಿರುತ್ತವೆ. ಪ್ರತಿಯೊಂದೂ ತಾನೇ ಪೂರ್ತಿ ಸರ್ವರ್ ಎಂಬಂತೆ ನಡೆಯುತ್ತದೆ. ಆದರೆ ತನ್ನದೆಂದು ಅದು ನಂಬಿದ ಡಿಸ್ಕ್ ಎಷ್ಟೋ ಕಡೆ ಇನ್ನೊಬ್ಬರ ಕೈಯಲ್ಲಿರುತ್ತದೆ. ವಿಐಒಎಸ್ ಎಂಬ ಪ್ರತ್ಯೇಕ ಪಾರ್ಟಿಷನ್ ನಿಜವಾದ ಡಿಸ್ಕನ್ನು ಹಿಡಿದು ಉಳಿದವಕ್ಕೆ ಹಂಚುತ್ತದೆ. ವಠಾರದ ಮನೆಗಳಿಗೆಲ್ಲ ಒಂದೇ ತೊಟ್ಟಿಯಿಂದ ನಲ್ಲಿ ಎಳೆದ ಹಾಗೆ. ಈ ಆಲೋಚನೆ ಹಳೆಯದು. ಒಂದು ಡಿಸ್ಕಿನ ಕೆಲವು ಸಿಲಿಂಡರ್‌ಗಳನ್ನೇ ಒಂದು ಯಂತ್ರದ ಇಡೀ ಡಿಸ್ಕ್ ಎಂದು ತೋರಿಸುವ ಮಿನಿಡಿಸ್ಕನ್ನು ಐಬಿಎಂ 1960ರ ದಶಕದಲ್ಲೇ ಬಳಸಿತ್ತು. ವಿಐಒಎಸ್ ಬಂದದ್ದು 2004ರಲ್ಲಿ, ಪವರ್5 ಪ್ರೊಸೆಸರ್ ಜೊತೆಗೆ.

ಹಂಚುವವನೇ ಮಲಗಿದರೆ ಎಲ್ಲರೂ ಮಲಗುತ್ತಾರೆ. ಅದಕ್ಕೇ ಎರಡು ವಿಐಒಎಸ್ ಇಟ್ಟು, ಒಂದೇ ಡಿಸ್ಕನ್ನು ಎರಡರ ಮೂಲಕವೂ ಕೊಡುವುದು ರೂಢಿ. ಕಷ್ಟ ಶುರುವಾಗುವುದು ಇಲ್ಲೇ. ಮೊದಲು ತೆರೆದವರು ಡಿಸ್ಕಿಗೆ ಬೀಗ ಹಾಕಿಕೊಳ್ಳುವ ರಿಸರ್ವ್ ಎಂಬ ಏರ್ಪಾಡಿದೆ. ಅದು ಇರುವುದು ಒಳ್ಳೆಯದಕ್ಕೇ, ಇಬ್ಬರು ಒಮ್ಮೆಗೇ ಬರೆದು ಡೇಟಾ ಕೆಡಿಸಬಾರದೆಂದು. ಇಲ್ಲಿ ಮಾತ್ರ ಎರಡೂ ವಿಐಒಎಸ್‌ಗಳಲ್ಲಿ ಅದನ್ನು ಮೊದಲೇ ತೆಗೆದಿರಬೇಕು, ಇಲ್ಲವಾದರೆ ಎರಡನೆಯವನಿಗೆ ಬಾಗಿಲು ಮುಚ್ಚಿದಂತೆಯೇ. ಬೀಗ ತೆಗೆದ ಮೇಲೆ ಕಾವಲು ನಮ್ಮದು. ಒಂದು ವಿಐಒಎಸ್‌ನಲ್ಲಿ ಎಚ್‌ಡಿಸ್ಕ್5 ಎಂಬ ಹೆಸರಿನ ಡಿಸ್ಕ್ ಇನ್ನೊಂದರಲ್ಲಿ ಎಚ್‌ಡಿಸ್ಕ್8 ಆಗಿರಬಹುದು. ಹೆಸರು ನಂಬಿ ಮ್ಯಾಪ್ ಮಾಡಿದರೆ ಒಬ್ಬರ ಡೇಟಾ ಮೇಲೆ ಇನ್ನೊಬ್ಬರು ಬರೆದುಬಿಡುತ್ತಾರೆ. ಸ್ಟೋರೇಜ್ ಕೊಟ್ಟ ಗುರುತಿನ ಸಂಖ್ಯೆಯನ್ನು ಅಕ್ಷರ ಅಕ್ಷರ ತಾಳೆ ನೋಡದೆ ಕೈ ಹಾಕಬಾರದು.

ಇಷ್ಟೆಲ್ಲ ಸರಿ ಮಾಡಿದವರೂ ಎಡವುವ ಜಾಗ ಇನ್ನೊಂದಿದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಅಪಾಯದ್ದು. ಪ್ಯಾಚ್ ಹಾಕಲು ಮೊದಲ ವಿಐಒಎಸ್ ನಿಲ್ಲಿಸುತ್ತೇವೆ. ಐಬಿಎಂನ ಎಐಎಕ್ಸ್ ಆಪರೇಟಿಂಗ್ ಸಿಸ್ಟಮ್ ನಡೆಸುವ ಪಾರ್ಟಿಷನ್ ಸದ್ದಿಲ್ಲದೆ ಎರಡನೇ ದಾರಿಗೆ ಹೊರಳುತ್ತದೆ, ಕೆಲಸ ನಿಲ್ಲುವುದಿಲ್ಲ. ವಿಐಒಎಸ್ ವಾಪಸ್ ಬರುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಪಾರ್ಟಿಷನ್ನಿನ ಡಿಸ್ಕಿನಲ್ಲಿ ಹೆಲ್ತ್ ಚೆಕ್ ಅವಧಿ ಸೊನ್ನೆಯಾಗಿ ಉಳಿದಿದ್ದರೆ, ಬಿದ್ದ ದಾರಿ ಎದ್ದಿತೇ ಎಂದು ಅದು ಮತ್ತೆ ತಿರುಗಿ ನೋಡುವುದೇ ಇಲ್ಲ. ದಾರಿಗಳ ಸ್ಥಿತಿ ತೋರಿಸುವ ಎಲ್‌ಎಸ್‌ಪಾತ್ ಕಮಾಂಡ್ ಕೊಟ್ಟರೆ ಒಂದು ಸಾಲಿನಲ್ಲಿ ಎನೇಬಲ್ಡ್, ಅದರ ಕೆಳಗೆ ಫೇಲ್ಡ್. ಯಾವ ಬಳಕೆದಾರನೂ ದೂರುವುದಿಲ್ಲ, ಯಾರೂ ನೋಡುವುದಿಲ್ಲ. ಮುಂದಿನ ವಾರ ಎರಡನೇ ವಿಐಒಎಸ್ ಸರದಿ ಬಂದು ಅದನ್ನು ನಿಲ್ಲಿಸಿದ ಗಳಿಗೆಗೆ ಡಿಸ್ಕ್ ಪೂರ್ತಿ ಕೈತಪ್ಪುತ್ತದೆ. ದಾಖಲೆಯಲ್ಲಿ ಎರಡು ದಾರಿ ಇರುತ್ತವೆ. ಆ ರಾತ್ರಿ ಹಣ ಕಳಿಸಲು ಕೂತವರಿಗೆ ಒಂದೂ ಇರುವುದಿಲ್ಲ.

ಮಾಡಬೇಕಾದ್ದು ದೊಡ್ಡದಲ್ಲ. ಆ ಅವಧಿಯನ್ನು 60 ಸೆಕೆಂಡಿಗೆ ಇಡುವುದು. ಬಳಕೆಯಲ್ಲಿರುವ ಡಿಸ್ಕಾದರೆ ಬದಲಾವಣೆ ಮುಂದಿನ ರೀಬೂಟ್‌ಗೇ ಜಾರಿಯಾಗಬಹುದು, ಅದನ್ನು ಬರೆದಿಡುವುದು. ಒಂದು ವಿಐಒಎಸ್ ಮುಟ್ಟುವ ಮೊದಲು ಪ್ರತಿ ಪಾರ್ಟಿಷನ್‌ನಲ್ಲೂ ಎಲ್‌ಎಸ್‌ಪಾತ್‌ನ ಎರಡೂ ಸಾಲುಗಳಲ್ಲಿ ಎನೇಬಲ್ಡ್ ಇರುವುದನ್ನು ಕಣ್ಣಾರೆ ನೋಡುವುದು. ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಕೂತು ಎಲ್ಲೆಲ್ಲಿಯದೋ ಸರ್ವರ್ ಕಾಯುವ ಹುಡುಗ ಹುಡುಗಿಯರಿಗೆ ಹೊಸ ಕಮಾಂಡ್ ಕಲಿಸುವ ಮೊದಲು ಈ ನೋಡುವ ಅಭ್ಯಾಸ ಹಿಡಿಸಬೇಕು. ಹಳೆಯ ಪಾರ್ಟಿಷನ್‌ಗಳಿಂದಲೇ ಶುರು ಮಾಡಲಿ. ಅವನ್ನು ಕಟ್ಟಿದವರು ಎಂದೋ ಬೇರೆ ಕೆಲಸಕ್ಕೆ ಹೋಗಿರುತ್ತಾರೆ, ಸೊನ್ನೆ ಅಲ್ಲೇ ಉಳಿದಿರುತ್ತದೆ.