ದಡ ಸೇರಿದ ಮೇಲೆ ತೆಪ್ಪ

 

ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಈ ಸಲ ನಮ್ಮ ಮನೆಯ ಗೇಟಿನ ಮುಂದೆ ನಡೆದ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಆದರೂ ಹೇಳಬೇಕು. ಯಾಕೆಂದು ಕೊನೆಗೆ ತಿಳಿಯುತ್ತದೆ.

ಕಳೆದ ದಸರಾ ರಜೆಯಲ್ಲಿ ನಾನು ಮತ್ತು ನನ್ನ ಬಾಮೈದ ಬೈಕಿನಲ್ಲಿ ಲುಂಬಿನಿಗೆ ಹೋಗಿ ಬಂದದ್ದು ನಿಮಗೆಲ್ಲ ಗೊತ್ತು. ಸೋಲದೇವನಹಳ್ಳಿಯಿಂದ ಹೊರಟು ಹೈದರಾಬಾದ್, ನಾಗಪುರ, ಜಬಲ್ಪುರ, ವಾರಾಣಸಿ, ಗೋರಖಪುರ ದಾಟಿದೆವು. ಸೋನೌಲಿ ಗಡಿಯಲ್ಲಿ ಭನ್ಸಾರ್ ಕಚೇರಿಗೆ ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಿ ನೇಪಾಳದೊಳಗೆ ಹೋದೆವು. ಹೋಗುವ ದಾರಿಯೇ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ಧಮ್ಮದೀಕ್ಷೆ ಪಡೆದ ನಾಗಪುರದ ದೀಕ್ಷಾಭೂಮಿಯಲ್ಲಿ ಅರ್ಧ ದಿನ ಕೂತೆವು. ಲುಂಬಿನಿಯಲ್ಲಿ ಅಶೋಕನ ಕಂಬದ ಮುಂದೆ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ಪಟ್ಟಕ್ಕೆ ಬಂದ ಇಪ್ಪತ್ತನೆಯ ವರ್ಷ ತಾನೇ ಬಂದು ಪೂಜಿಸಿದೆ, ಬುದ್ಧರು ಹುಟ್ಟಿದ ಊರೆಂದು ಇಲ್ಲಿನ ತೆರಿಗೆ ಇಳಿಸಿದೆ ಎಂದು ಆ ದೊರೆ ಅಲ್ಲಿ ಕೆತ್ತಿಸಿದ್ದಾನೆ.

ಈಗ ಬೈಕಿನ ವಿಷಯ. ಅದಕ್ಕೆ ಹದಿಮೂರು ವರ್ಷ. ಕಂಪನಿಯ ಹೆಸರು ಬೇಡ. ಹುಟ್ಟಿದ್ದು ಹಳೆಯದಾಗುತ್ತದೆ, ಅಷ್ಟೇ. ಅದಕ್ಕೊಂದು ಕಾಯಿಲೆ ಅಂಟಿಕೊಂಡಿತ್ತು. ಬೆಳಿಗ್ಗೆ ತಣ್ಣಗಿರುವಾಗ ಒಂದೇ ಕಿಕ್‌ಗೆ ಸ್ಟಾರ್ಟ್. ಮುಕ್ಕಾಲು ಗಂಟೆ ಓಡಿ ಎಂಜಿನ್ ಕಾದ ಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ನಿಂತುಬಿಡುತ್ತಿತ್ತು. ತಣ್ಣಗಾಗುವವರೆಗೆ ಏನು ಮಾಡಿದರೂ ಇಲ್ಲ. ಕಾಯಿಲ್ ಬಿಸಿಯಾದಾಗ ಕಿಡಿ ಕೊಡುತ್ತಿಲ್ಲ ಎಂದರು ಮೆಕ್ಯಾನಿಕ್. ಎರಡು ಸಲ ಕಾಯಿಲ್ ಬದಲಿಸಿ, ವೈರಿಂಗ್ ಬಿಚ್ಚಿ ನೋಡಿದ್ದೂ ಆಯಿತು. ವಾಸಿಯಾಗಲಿಲ್ಲ.

ವಾಪಸ್ಸು ಬರುವಾಗ ಜಬಲ್ಪುರ ಮತ್ತು ನಾಗಪುರದ ನಡುವಿನ ಕಾಡುದಾರಿಯಲ್ಲಿ ಕತ್ತಲಾದ ಮೇಲೆ ಹಾಗೆಯೇ ನಿಂತಿತು. ಬೈಕ್ ನಿಂತರೆ ದೀಪವೂ ಮಂಕು. ಹಿಂದಿನಿಂದ ಲಾರಿ. ಬಾಮೈದ ಹಾರಿ ಇಳಿದು ಗಾಡಿಯನ್ನೂ ನನ್ನನ್ನೂ ಸೇರಿಸಿ ಪಕ್ಕಕ್ಕೆ ಎಳೆದ. ಲಾರಿ ಒಂದು ಮಾರು ದೂರದಲ್ಲಿ ಹಾದುಹೋಯಿತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನು, "ಭಾವ, ಇದನ್ನ ಅಕ್ಕನಿಗೆ ಹೇಳ್ಬೇಡಿ" ಎಂದ. ನಾನು ಒಪ್ಪಿಕೊಂಡೆ.

ಮನೆಗೆ ಬಂದ ಮೇಲೆ ಬೈಕ್ ಕೊಟ್ಟುಬಿಡುವುದೆಂದು ನಿರ್ಧರಿಸಿದೆ. ಬಳಗದ ಭಾನುವಾರದ ಸಭೆಯಲ್ಲಿ ತೆಪ್ಪದ ದೃಷ್ಟಾಂತ ಹೇಳಿ ನಿಮ್ಮೆಲ್ಲರಿಂದ ತಲೆದೂಗಿಸಿಕೊಂಡೆ. ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲಿ ಬರುವ ಮಾತದು. ಹೊಳೆ ದಾಟಲು ಕಡ್ಡಿ, ಕೊಂಬೆ, ಎಲೆ ಸೇರಿಸಿ ತೆಪ್ಪ ಕಟ್ಟಿದವನು ದಡ ಸೇರಿದ ಮೇಲೆ ಅದನ್ನು ತಲೆಯ ಮೇಲೆ ಹೊತ್ತು ತಿರುಗುವುದಿಲ್ಲ. ಧಮ್ಮವೂ ದಾಟುವುದಕ್ಕೆ, ಹಿಡಿದುಕೊಳ್ಳುವುದಕ್ಕಲ್ಲ ಎಂದು ಭಗವಾನರು ತಿಳಿಸಿದರು. ಲುಂಬಿನಿ ನೋಡಿದ್ದಾಯಿತು, ಇನ್ನು ತೆಪ್ಪ ಬಿಡುತ್ತೇನೆ ಎಂದೆ ನಾನು. ಕೇಳಲು ಎಷ್ಟು ಚೆನ್ನಾಗಿತ್ತು!

ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಒಬ್ಬ ಹುಡುಗ ಬೈಕ್ ನೋಡಲು ಬಂದ. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ, ಚಿಕ್ಕಬಾಣಾವರದಲ್ಲಿ ಬಾಡಿಗೆ ಕೋಣೆ. ತಣ್ಣನೆಯ ಬೈಕ್ ಒಂದೇ ಕಿಕ್‌ಗೆ ಎದ್ದಿತು. ಹೆಸರಘಟ್ಟ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ಬಂದ. "ಇದು ನೇಪಾಳಕ್ಕೆ ಹೋಗಿ ಬಂದ ಗಾಡಿನಾ ಸಾರ್? ಹಾಗಾದ್ರೆ ಕಣ್ಮುಚ್ಕೊಂಡು ತಗೋಬಹುದು" ಎಂದ. ನಾನು, "ಹೌದಪ್ಪ, ಹೋಗಿ ಬಂದಿದೆ" ಎಂದೆ. ಮೂವತ್ತೆಂಟು ಸಾವಿರಕ್ಕೆ ಮಾತಾಯಿತು. ಐದು ಸಾವಿರ ಮುಂಗಡ ಫೋನಿನಲ್ಲೇ ಹಾಕಿ ಹೋದ.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಅವನು ನಂಬಿದ್ದೆಲ್ಲ ಸುಳ್ಳಾಗಿತ್ತು.

ಆ ರಾತ್ರಿ ಧ್ಯಾನಕ್ಕೆ ಕೂತರೆ ಮನಸ್ಸು ನಿಲ್ಲಲಿಲ್ಲ. ರಾಹುಲನ ನೆನಪಾಯಿತು. ಮಗ ರಾಹುಲನಿಗೆ ಭಗವಾನರು ಪಾತ್ರೆಯ ತಳದಲ್ಲಿ ಉಳಿದ ಒಂದಿಷ್ಟು ನೀರು ತೋರಿಸಿದರು. ತಿಳಿದೂ ಸುಳ್ಳಾಡಲು ನಾಚದವನ ಸಾಧನೆ ಇಷ್ಟೇ ಎಂದರು. ನೀರು ಚೆಲ್ಲಿದರು, ಪಾತ್ರೆ ಬೋರಲು ಹಾಕಿದರು. ಆಮೇಲೆ ಕನ್ನಡಿಯ ಮಾತು ತೆಗೆದರು. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೆಯೇ ಕಾಯ, ವಾಕ್ಕು, ಮನಸ್ಸಿನ ಪ್ರತಿಯೊಂದು ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೊಳ್ಳಬೇಕು. ಇದರಿಂದ ನನಗೆ ನೋವೇ? ಇನ್ನೊಬ್ಬರಿಗೆ ನೋವೇ?

ಅಶೋಕನೂ ಭಿಕ್ಖುಗಳು, ಉಪಾಸಕರು ಮತ್ತೆ ಮತ್ತೆ ಕೇಳಬೇಕಾದ ಕೆಲವು ಉಪದೇಶಗಳನ್ನು ಬೈರಾಟದ ಶಾಸನದಲ್ಲಿ ಹೆಸರಿಸಿದ್ದಾನೆ. ಸುಳ್ಳಿನ ಬಗ್ಗೆ ರಾಹುಲನಿಗೆ ಕೊಟ್ಟ ಉಪದೇಶವೂ ಅವುಗಳಲ್ಲಿ ಒಂದು. ಅಷ್ಟು ದೂರ ಯಾಕೆ? ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯಿದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಶಾಸನ. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಅಲ್ಲಿದೆ. ಇದನ್ನು ಎಷ್ಟು ವರ್ಷದಿಂದ ಮಕ್ಕಳಿಗೆ ಪಾಠ ಮಾಡಿದ್ದೇನೋ! ಅದೇ ದೊರೆಯ ಕಂಬ ನೋಡಲು ಪರದೇಶಕ್ಕೆ ಹೋದವನು ನಮ್ಮ ನೆಲದಲ್ಲೇ ಅವನು ಕೆತ್ತಿಸಿದ ಮಾತನ್ನು ಗೇಟಿನ ಮುಂದೆ ಮರೆತಿದ್ದೆ.

ಮರುದಿನ ಹುಡುಗನಿಗೆ ಫೋನ್ ಮಾಡಿ ಸಂಜೆ ಕರೆಸಿದೆ. ಕಾಯಿಲ್, ವೈರಿಂಗ್, ಕಾಡುದಾರಿ, ಲಾರಿ ಎಲ್ಲ ಹೇಳಿದೆ. ಕಾಫಿ ತಂದ ನನ್ನ ಹೆಂಡತಿ ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. "ಲಾರಿನಾ? ನನಗ್ಯಾಕ್ರೀ ಹೇಳಲಿಲ್ಲ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಹುಡುಗ ಹೇಳಿದ: "ನಂದು ಸೆಕೆಂಡ್ ಶಿಫ್ಟು ಸಾರ್. ರಾತ್ರಿ ಹನ್ನೊಂದೂವರೆಗೆ ತುಮಕೂರು ರಸ್ತೆಯಲ್ಲಿ ಬರ್ತೀನಿ. ನಿನ್ನೆನೇ ಹೇಳ್ಬೇಕಿತ್ತು ತಾನೆ?" ಮುಂಗಡ ವಾಪಸ್ಸು ಹಾಕಿದೆ. ಕಾಫಿ ಕುಡಿಯದೆ ಹೋದ. ಅವನು ನನ್ನನ್ನು ಹೊಗಳಲಿಲ್ಲ. ಹೊಗಳುವಂಥದ್ದು ನಾನೇನೂ ಮಾಡಿರಲಿಲ್ಲ. ಒಂದು ದಿನ ತಡವಾಗಿ ನಿಜ ಹೇಳಿದ್ದೆ.

ಬೈಕನ್ನು ಕೊನೆಗೆ ಎಲ್ಲ ತಿಳಿದಿದ್ದ ಆ ಮೆಕ್ಯಾನಿಕ್ಕೇ ಹದಿನಾಲ್ಕು ಸಾವಿರಕ್ಕೆ ಕೊಂಡರು. ರಸ್ತೆಗಿಳಿಸುವುದಿಲ್ಲ, ಬಿಡಿಭಾಗ ತೆಗೆದುಕೊಳ್ಳುತ್ತೇನೆ ಎಂದರು. ಇಪ್ಪತ್ತನಾಲ್ಕು ಸಾವಿರ ಕೈಬಿಟ್ಟಿತು. ನಮ್ಮಂಥ ಮನೆಗೆ ಅದು ಸಣ್ಣ ಮೊತ್ತವಲ್ಲ. ಆಗಲೇ ನನಗೊಂದು ವಿಷಯ ಹೊಳೆದದ್ದು. ಬೈಕ್ ಬಿಡಲು ನಾನು ಯಾವತ್ತೋ ಸಿದ್ಧನಿದ್ದೆ. ಆ ಇಪ್ಪತ್ತನಾಲ್ಕು ಸಾವಿರ ಬಿಡಲು ಸಿದ್ಧನಿರಲಿಲ್ಲ. ಲುಂಬಿನಿಗೆ ಹೋದ ಬೈಕು ಎಂಬ ಹೆಮ್ಮೆಯನ್ನೂ ಬಿಟ್ಟಿರಲಿಲ್ಲ, ಅದನ್ನೇ ಬೆಲೆಗೆ ಸೇರಿಸಿ ಮಾರಿದ್ದೆ. ತೆಪ್ಪವನ್ನು ದಡಕ್ಕೆ ಎಳೆದಿಡಬಹುದು, ನೀರಿಗೆ ತೇಲಿಬಿಡಬಹುದು ಎಂದಿದೆ ಸುತ್ತ. ತೂತಿರುವ ತೆಪ್ಪವನ್ನು ಮುಂದಿನವನ ಕೈಗೆ ಕೊಟ್ಟು ಹೊಳೆಗಿಳಿಸು ಎಂದು ಎಲ್ಲೂ ಇಲ್ಲ. ನಮ್ಮ ದುಃಖ ಇನ್ನೊಬ್ಬರ ಮನೆ ಸೇರಿದರೆ ಅದನ್ನು ತ್ಯಾಗ ಎನ್ನಲಾಗುವುದಿಲ್ಲ.

ಎಂಬತ್ತನೆಯ ವಯಸ್ಸಿನಲ್ಲಿ ಭಗವಾನರು ಆನಂದನಿಗೆ ತಮ್ಮ ದೇಹ ಪಟ್ಟಿ ಬಿಗಿದು ನಡೆಸುತ್ತಿರುವ ಹಳೆಯ ಬಂಡಿಯಂತಾಗಿದೆ ಎಂದು ಹೇಳಿಕೊಂಡರು. ಹಳೆಯದನ್ನು ಹಳೆಯದು ಎನ್ನಲು ಅವರಿಗೆ ಸಂಕೋಚವಿರಲಿಲ್ಲ. ನಮಗೆ ಒಂದು ಬೈಕಿನ ಬಗ್ಗೆ ಹಾಗೆ ಹೇಳಲು ಎಷ್ಟು ಕಷ್ಟ!

ತಪ್ಪಾಗಿದೆ ಎಂದು ಕನ್ನಡಿಯಲ್ಲಿ ಕಂಡರೆ ಗುರುಗಳ ಮುಂದೆ ಅಥವಾ ತಿಳಿದ ಸಹಚಾರಿಗಳ ಮುಂದೆ ತೆರೆದಿಡು, ಮುಂದೆ ಎಚ್ಚರವಾಗಿರು ಎಂಬುದೂ ರಾಹುಲನಿಗೆ ಹೇಳಿದ ಮಾತೇ. ನೀವು ನನ್ನ ಸಹಚಾರಿಗಳು. ಅದಕ್ಕೇ ಇಷ್ಟು ಬರೆದೆ.

ಇಂದಿನ ಅಭ್ಯಾಸ: ಯಾರಿಗಾದರೂ ಏನನ್ನಾದರೂ ಮಾರುವಾಗ, ಕೊಡುವಾಗ, ಬಾಡಿಗೆಗೆ ಬಿಡುವಾಗ, ಅವರು ಕೇಳುವ ಮೊದಲೇ ಅದರ ಒಂದು ಕುಂದನ್ನು ನಾವೇ ಹೇಳೋಣ. ಮನೆಯವರಿಂದ ಮುಚ್ಚಿಟ್ಟ ಒಂದು ಮಾತಿದ್ದರೆ ಇವತ್ತು ಕಾಫಿಯ ಹೊತ್ತಿಗೆ ಹೇಳಿಬಿಡೋಣ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ. ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವವರೆಲ್ಲ ಸುರಕ್ಷಿತವಾಗಿ ತಲುಪಲಿ.

ಸಾಧು, ಸಾಧು, ಸಾಧು.